ಗುಳೆ ಹೋದವರೂ ಬರಗಾಲದ ಕಾಮಗಾರಿಗಳೂ: ಧಾತು-ಈಶ್ವರ ಕ್ಷಾಮದ ಒಂದು ಸಮಸ್ಯೆ

ನಮ್ಮ ನಾಡಿನ ಬರಗಾಲಗಳನ್ನು ಕುರಿತು ಬರೆದ ಚರಿತ್ರಕಾರರು ಮಳೆಯ ಅಭಾವ, ಧಾನ್ಯದ ಧಾರಣೆ, ಸರ್ಕಾರದ ವೆಚ್ಚ, ಮೃತರ ಸಂಖ್ಯೆ ಈ ನಾಲ್ಕು ವಿಷಯಗಳನ್ನು ಸಾಕಷ್ಟು ವಿವೇಚಿಸಿದ್ದಾರೆ. ಹಸಿದವರಿಗೆ ಕೆಲಸ ಕೊಟ್ಟು ಕೂಲಿಯಿಂದ ಜೀವ ಉಳಿಸಬೇಕೆಂಬ ನೀತಿಯ ಬೆಳವಣಿಗೆಯೂ ಅವರ ಗಮನಕ್ಕೆ ಬಂದಿದೆ. ಆದರೆ ಆ ಕೆಲಸವನ್ನು ಎಲ್ಲಿ ಕೊಡಬೇಕು, ಮನೆಯಲ್ಲಿರುವವನಿಗೆ ಕೊಡಬೇಕೋ ಮನೆ ಬಿಟ್ಟವನಿಗೆ ಕೊಡಬೇಕೋ, ಮನೆಯೇ ಇಲ್ಲದಂತಾದವನನ್ನು ಯಾವ ಪಟ್ಟಿಗೆ ಸೇರಿಸಬೇಕು ಎಂಬ ಪ್ರಶ್ನೆ ಪ್ರತ್ಯೇಕವಾಗಿ ಚರ್ಚೆಗೆ ಬಂದದ್ದು ವಿರಳ. ೧೮೭೬ರಿಂದ ೧೮೭೮ರವರೆಗೆ ಮೈಸೂರು ಸಂಸ್ಥಾನವನ್ನೂ ಅದರ ಸುತ್ತಣ ಮದರಾಸು, ಮುಂಬಯಿ ಪ್ರಾಂತಗಳ ಕನ್ನಡ ಜಿಲ್ಲೆಗಳನ್ನೂ ಪೀಡಿಸಿದ ಕ್ಷಾಮದಲ್ಲಿ ಈ ಪ್ರಶ್ನೆ ಸಾವಿರಾರು ಜನರ ಬದುಕು ಸಾವುಗಳನ್ನು ನಿರ್ಣಯಿಸಿತೆಂದು ನಾವು ಭಾವಿಸುತ್ತೇವೆ. ಆ ಭಾವನೆಗೆ ಇರುವ ಆಧಾರಗಳನ್ನು ಪ್ರಕೃತ ಲೇಖನದಲ್ಲಿ ಮುಂದಿಡುತ್ತೇವೆ.

ಮೊದಲಿಗೆ ಪದವೊಂದನ್ನು ಕುರಿತು ಎರಡು ಮಾತು. ಆ ಕಾಲದ ಇಂಗ್ಲಿಷ್ ವರದಿಗಳು ಊರು ಬಿಟ್ಟು ದಾರಿಗಳಲ್ಲಿ ಕಾಣಿಸಿಕೊಂಡವರನ್ನು 'ಅಲೆಯುವವರು' ಎಂಬ ಅರ್ಥದ ಮಾತಿನಿಂದ ಕರೆದುವು. ನಮ್ಮ ಜನ ಅವರನ್ನು ಕರೆದದ್ದು 'ಗುಳೆ ಹೋದವರು' ಎಂದು. ಗುಳೆ ಏಳುವುದೆಂದರೆ ಒಬ್ಬ ಆಳು ಕೂಲಿಗಾಗಿ ಪರಸ್ಥಳಕ್ಕೆ ಹೋಗುವುದಲ್ಲ. ಮಡಕೆ ಕುಡಿಕೆ, ಹಸುಗೂಸು, ಉಳಿದಿದ್ದರೆ ಒಂದು ಎಮ್ಮೆ, ಇವುಗಳೊಡನೆ ಒಕ್ಕಲೇ ಕದಲುವುದು. ಗುಳೆ ಹೋದವನಿಗೆ ಊರೊಂದು ಇದ್ದೇ ಇರುತ್ತದೆ. ಮಳೆ ಬಂದರೆ ಅವನು ಅಲ್ಲಿಗೆ ಹಿಂತಿರುಗಬೇಕೆಂದಿರುತ್ತಾನೆ. ಅಲೆಯುವವನೆಂದು ದಾಖಲೆಗೆ ಸೇರಿದವನಿಗಾದರೋ ಊರಿದ್ದುದೇ ಮರೆತುಹೋಗುತ್ತದೆ. ಸರ್ಕಾರದ ಕಾಗದಪತ್ರಗಳನ್ನು ಓದುವಾಗ ಈ ವ್ಯತ್ಯಾಸವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ಅಗತ್ಯ.

೧೮೭೬ರಲ್ಲಿ ಮುಂಗಾರೂ ಹಿಂಗಾರೂ ಕೈಕೊಟ್ಟುವು. ಸಂಸ್ಥಾನವು ೧೮೩೧ರಿಂದ ಬ್ರಿಟಿಷ್ ಕಮಿಷನರ ಆಡಳಿತದಲ್ಲಿದ್ದಿತು. ಬರಗಾಲದ ಹೊತ್ತಿಗೆ ಮುಖ್ಯ ಕಮಿಷನರಾಗಿದ್ದವರು ಸಿ. ಬಿ. ಸಾಂಡರ್ಸ್. ಧಾತು ಸಂವತ್ಸರದಲ್ಲಿ ಆರಂಭವಾದ ಕಷ್ಟ ಈಶ್ವರ ಸಂವತ್ಸರಕ್ಕೂ ಮುಂದುವರಿದುದರಿಂದ ಜನರ ಬಾಯಲ್ಲಿ ಅದು ಧಾತು-ಈಶ್ವರದ ಬರವೆಂದೇ ಉಳಿಯಿತು. ೧೮೭೧ರ ಜನಗಣತಿಯಲ್ಲಿ ೫೦,೫೫,೪೧೨ ಇದ್ದ ಸಂಸ್ಥಾನದ ಜನಸಂಖ್ಯೆ ೧೮೮೧ರಲ್ಲಿ ೪೧,೮೬,೧೮೮ಕ್ಕೆ ಇಳಿದಿತ್ತು. ಎಂದರೆ ೮,೬೯,೨೨೪ರ ಇಳಿತ. ಆ ಹತ್ತು ವರ್ಷಗಳಲ್ಲಿ ಸಹಜವಾಗಿ ಆಗಬೇಕಾಗಿದ್ದ ಏರಿಕೆಯನ್ನು ಸೇರಿಸಿದರೆ ನಷ್ಟ ಇನ್ನೂ ದೊಡ್ಡದು. ಮಲೆನಾಡಿಗಿಂತ ಪೂರ್ವದ ಬಯಲುಸೀಮೆಯಲ್ಲಿ, ಕೋಲಾರ ತುಮಕೂರು ಮೊದಲಾದೆಡೆಗಳಲ್ಲಿ, ಹಾನಿ ಹೆಚ್ಚು.

ಬರಗಾಲದಲ್ಲಿ ಮನೆ ಹೇಗೆ ಹೋಗುತ್ತದೆಂಬುದನ್ನು ತಿಳಿಯದೆ ಮುಂದಿನ ವಿಚಾರ ಸ್ಪಷ್ಟವಾಗದು. ಪ್ರವಾಹದಂತೆ ಬರ ಮನೆಯನ್ನು ಒಂದು ರಾತ್ರಿಯಲ್ಲಿ ಕೊಚ್ಚಿಕೊಂಡು ಹೋಗುವುದಿಲ್ಲ. ಮೊದಲು ಬೆಳ್ಳಿಯ ಒಡವೆ, ಆಮೇಲೆ ತಾಮ್ರದ ಹಂಡೆ ಕೊಳಗ ಸಾಹುಕಾರನ ಮನೆ ಸೇರುತ್ತವೆ. ಮೇವು ತೀರಿದ ಮೇಲೆ ಎತ್ತುಗಳನ್ನು ಉಳಿಸಿಕೊಳ್ಳುವ ಕಡೆಯ ಪ್ರಯತ್ನವಾಗಿ ಮಾಡಿನ ಹುಲ್ಲನ್ನೇ ಕಿತ್ತು ಅವಕ್ಕೆ ಹಾಕುತ್ತಾರೆ. ಎತ್ತುಗಳೂ ಹೋದ ಮೇಲೆ ತೊಲೆ, ಜಂತೆ, ಬಾಗಿಲು ಸೌದೆಯ ಬೆಲೆಗೆ ಮಾರಾಟವಾಗುತ್ತವೆ. ಉಳಿಯುವುದು ನಾಲ್ಕು ಮಣ್ಣಿನ ಗೋಡೆ. ಮೇಲೆ ಹೊದಿಕೆಯಿಲ್ಲದ ಆ ಗೋಡೆಗಳನ್ನು ಯಾವ ಮಳೆಗಾಗಿ ಜನ ಕಾದಿದ್ದರೋ ಆ ಮಳೆಯೇ ಬಂದು ಕರಗಿಸುತ್ತದೆ. ಹೀಗೆ ಒಂದು ಒಕ್ಕಲು ಊರು ಬಿಡುವ ಹೊತ್ತಿಗೆ ಬಹುಮಟ್ಟಿಗೆ ಮನೆಯನ್ನು ತಿಂದು ಮುಗಿಸಿರುತ್ತದೆ. ಮನೆ ಇರುವುದು, ಇಲ್ಲದಿರುವುದು ಎಂಬ ಎರಡು ಸ್ಥಿತಿಗಳ ನಡುವೆ ಹಲವು ತಿಂಗಳುಗಳ ಇಳಿಜಾರಿದೆ. ಆ ಇಳಿಜಾರಿನ ಯಾವ ಹಂತದಲ್ಲಿ ಕೆಲಸ ದೊರೆಯಿತೆಂಬುದರ ಮೇಲೆ ಒಕ್ಕಲು ನಿಲ್ಲುವುದೋ ಬೀಳುವುದೋ ನಿಶ್ಚಯವಾಗುತ್ತಿತ್ತು.

ಇದನ್ನು ಎದುರಿಸಬೇಕಾಗಿದ್ದ ಅಧಿಕಾರಿಗಳು ತಮ್ಮ ದೇಶದಿಂದ ಎರಡು ಕಲ್ಪನೆಗಳನ್ನು ತಂದಿದ್ದರು. ಒಂದು, ೧೬೬೨ರ ಶಾಸನದಿಂದ ನೆಲೆಗೊಂಡ ವಾಸಸ್ಥಳದ ನಿಯಮ: ಬಡವನನ್ನು ನೋಡಿಕೊಳ್ಳಬೇಕಾದುದು ಅವನು ಸೇರಿದ ಗ್ರಾಮಘಟಕದ ಹೊಣೆ, ಅನ್ಯಸ್ಥಳದವನು ಬಂದು ಬೇಡಿದರೆ ಅವನನ್ನು ತನ್ನ ಸ್ಥಳಕ್ಕೆ ಹಿಂದಕ್ಕೆ ಕಳುಹಿಸಬಹುದು. ಇನ್ನೊಂದು, ೧೮೩೪ರ ಬಡವರ ಶಾಸನದ ತತ್ತ್ವ: ದುಡಿಯಬಲ್ಲವನು ಸಹಾಯ ಬೇಕೆಂದರೆ ಮನೆಯನ್ನು ಬಿಟ್ಟು 'ವರ್ಕ್‌ಹೌಸ್' ಎಂಬ ಕಟ್ಟಡದೊಳಕ್ಕೆ ಬರಬೇಕು, ಅಲ್ಲಿಯ ಜೀವನ ಹೊರಗಿನ ಅತ್ಯಂತ ಬಡ ಕೂಲಿಯವನ ಜೀವನಕ್ಕಿಂತ ಕೀಳಾಗಿರಬೇಕು, ಆಗ ನಿಜವಾಗಿ ಗತಿಯಿಲ್ಲದವನು ಮಾತ್ರ ಬರುತ್ತಾನೆ. ಈ ಎರಡು ಕಲ್ಪನೆಗಳಿಗೆ ಪರಸ್ಪರ ವಿರೋಧವಿರುವುದನ್ನು ಓದುಗರು ಗಮನಿಸಿರಬಹುದು. ಒಂದು, ಮನೆಯಲ್ಲಿದ್ದರೆ ಮಾತ್ರ ಸಹಾಯವೆನ್ನುತ್ತದೆ. ಮತ್ತೊಂದು, ಮನೆ ಬಿಟ್ಟರೆ ಮಾತ್ರ ಎನ್ನುತ್ತದೆ. ಇಂಗ್ಲೆಂಡಿನಲ್ಲಿ ಕಟ್ಟಡ ಬಡವನ ಊರಿನ ಆಸುಪಾಸಿನಲ್ಲೇ ಇದ್ದುದರಿಂದ ವಿರೋಧ ಅಷ್ಟಾಗಿ ಎದ್ದು ಕಾಣಲಿಲ್ಲ. ಬಳ್ಳಾರಿಯ ಬಯಲಿನಲ್ಲಿ, ಕಲಾದಗಿಯ ಎರೆಭೂಮಿಯಲ್ಲಿ ಅದು ಎದ್ದು ಕಂಡಿತು.

೧೮೭೭ರ ಜನವರಿಯಲ್ಲಿ ವೈಸ್‌ರಾಯ್ ಲಾರ್ಡ್ ಲಿಟ್ಟನ್ನರ ಪ್ರತಿನಿಧಿಯಾಗಿ ಸರ್ ರಿಚರ್ಡ್ ಟೆಂಪಲ್ ದಕ್ಷಿಣಕ್ಕೆ ಬಂದರು. ೧೮೭೩-೭೪ರ ಬಿಹಾರದ ಕ್ಷಾಮದಲ್ಲಿ ಬರ್ಮಾದಿಂದ ಅಕ್ಕಿ ತರಿಸಿ ಧಾರಾಳವಾಗಿ ಹಂಚಿ ಜನರನ್ನು ಉಳಿಸಿದವರೂ ಇವರೇ; ಅದಕ್ಕಾಗಿ ದುಂದುಗಾರನೆಂಬ ನಿಂದೆಗೆ ಒಳಗಾದವರೂ ಇವರೇ. ಈ ಸಲ ಮಿತವ್ಯಯದ ಕೀರ್ತಿಯನ್ನು ಗಳಿಸಲು ಅವರು ಕೃತಸಂಕಲ್ಪರಾಗಿದ್ದಂತೆ ತೋರುತ್ತದೆ. ಮದರಾಸು ಪ್ರಾಂತದ ಕಾಮಗಾರಿಗಳಲ್ಲಿ ಗಂಡಾಳಿನ ದಿನಗೂಲಿಯನ್ನು ಒಂದೂವರೆ ಪೌಂಡು ಧಾನ್ಯದ ಬೆಲೆಯಿಂದ ಒಂದು ಪೌಂಡಿಗೆ ಇಳಿಸಿ ಅದರ ಮೇಲೆ ಅರ್ಧ ಆಣೆ ಮಾತ್ರ ಕೊಡತಕ್ಕದ್ದೆಂದು ಗೊತ್ತುಮಾಡಲಾಯಿತು. ಒಂದು ಪೌಂಡೆಂದರೆ ಸುಮಾರು ೪೫೦ ಗ್ರಾಂ; ದಿನವಿಡೀ ಮಣ್ಣು ಅಗೆಯುವವನಿಗೆ ಅದು ಏನೇನೂ ಸಾಲದು. ಮದರಾಸಿನ ಆರೋಗ್ಯಾಧಿಕಾರಿ ಡಾ. ಡಬ್ಲ್ಯೂ. ಆರ್. ಕಾರ್ನಿಷ್ ಇದನ್ನು ಬಹಿರಂಗವಾಗಿಯೇ ಖಂಡಿಸಿದರು. ಸೆರೆಮನೆಯ ಕೈದಿಗೆ ಸಿಕ್ಕುವ ಆಹಾರ ಇದಕ್ಕಿಂತ ಹೆಚ್ಚೆಂಬುದನ್ನು ತೋರಿಸಿದರು. ಕೆಲವು ತಿಂಗಳುಗಳಲ್ಲೇ ಮದರಾಸು ಸರ್ಕಾರ ನಿಯಮವನ್ನು ಸಡಿಲಿಸಬೇಕಾಯಿತು. 'ಟೆಂಪಲ್ ಕೂಲಿ'ಯ ಈ ವಿವಾದ ಪ್ರಸಿದ್ಧವಾದುದು. ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಅಷ್ಟು ಪ್ರಸಿದ್ಧವಲ್ಲದುದು ದೂರದ ಪರೀಕ್ಷೆ. ಊರಿನ ಮಗ್ಗುಲಲ್ಲೇ ಕೆರೆಯ ಹೂಳು ತೆಗೆಯುವ ಕೆಲಸ ಕೊಟ್ಟರೆ ಉಣ್ಣಲು ಇರುವವರೂ ಬಂದು ಸೇರುತ್ತಾರೆ. ಆದುದರಿಂದ ಮನೆಯಿಂದ ಬೆಳಿಗ್ಗೆ ಹೊರಟು ಸಂಜೆಗೆ ಹಿಂತಿರುಗಲಾರದಷ್ಟು ದೂರದಲ್ಲಿ ದೊಡ್ಡ ಕಾಮಗಾರಿಯನ್ನು ತೆರೆದು, ಅಲ್ಲಿಯ ತಟ್ಟಿಯ ಗುಡಿಸಲುಗಳಲ್ಲಿ ವಾಸಿಸಲು ಒಪ್ಪಿದವರಿಗೆ ಮಾತ್ರ ಕೂಲಿ ಕೊಡಬೇಕು, ಎಂಬುದು ಆ ಪರೀಕ್ಷೆಯ ತಿರುಳು. ಲೆಕ್ಕದ ಅನುಕೂಲವೂ ಇದರಲ್ಲಿತ್ತು. ನೂರು ಊರುಗಳ ನೂರು ಚಿಕ್ಕ ಕೆಲಸಗಳಿಗೆ ಮೇಲ್ವಿಚಾರಕರನ್ನು ಒದಗಿಸುವುದು ಕಷ್ಟ. ಮರಾಮತ್ತು ಇಲಾಖೆಯ ಎಂಜಿನಿಯರೊಬ್ಬನ ಕೈಕೆಳಗೆ ಹತ್ತು ಸಾವಿರ ಜನರನ್ನು ಒಂದೆಡೆ ಸೇರಿಸುವುದು ಸುಲಭ. ಈ ವಾದ ಪೂರ್ತಿ ಕುಚೋದ್ಯವಲ್ಲ. ಊರ ಕೆಲಸಗಳಲ್ಲಿ ಹಾಜರಿ ಪಟ್ಟಿಗೆ ಪಟೇಲರ ನೆಂಟರಿಷ್ಟರು ಸೇರಿದ್ದೂ, ಅಗೆದ ಮಣ್ಣಿಗಿಂತ ಬರೆದ ಮಣ್ಣು ಹೆಚ್ಚಾಗಿದ್ದೂ ಇಲ್ಲವೆನ್ನಲಾಗದು.

ಮುಂಬಯಿ ಪ್ರಾಂತದಲ್ಲಿ ಇದರ ಪರಿಣಾಮ ಬೇಗನೆ ಕಂಡಿತು. ಕಲಾದಗಿ, ಧಾರವಾಡ, ಬೆಳಗಾವಿ ಜಿಲ್ಲೆಗಳು ಆಗ ಆ ಪ್ರಾಂತಕ್ಕೆ ಸೇರಿದ್ದುವು. ಇವುಗಳಲ್ಲಿ ಕಲಾದಗಿಯ ಪಾಡು ಅತ್ಯಂತ ಘೋರ. ೧೮೭೭ರ ಮೊದಲ ತಿಂಗಳುಗಳಲ್ಲಿ ಊರ ಸಮೀಪದ ಚಿಕ್ಕ ಕೆಲಸಗಳನ್ನು ಮುಚ್ಚಿ ಜನರನ್ನು ದೂರದ ದೊಡ್ಡ ಕಾಮಗಾರಿಗಳಿಗೆ ಅಟ್ಟಲು ಹೊರಟಾಗ, ಜತೆಗೆ ಕೂಲಿಯನ್ನೂ ಇಳಿಸಿದಾಗ, ದಖ್ಖನಿನ ಜಿಲ್ಲೆಗಳ ಕೂಲಿಗಾರರು ಕೆಲಸವನ್ನೇ ತೊರೆದರು. ಹಸಿದವರು ಹೂಡಿದ ಈ ಮುಷ್ಕರದಲ್ಲಿ ಸೇರಿದವರು ಕೆಲವು ನೂರಲ್ಲ, ಹತ್ತಾರು ಸಾವಿರ. ಪುಣೆಯ ಸಾರ್ವಜನಿಕ ಸಭೆ, ಅದರ ಗಣೇಶ ವಾಸುದೇವ ಜೋಶಿ, ಮಹಾದೇವ ಗೋವಿಂದ ರಾನಡೆ ಮೊದಲಾದವರು ಜಿಲ್ಲೆಗಳಿಂದ ಸುದ್ದಿ ತರಿಸಿಕೊಂಡು ಸರ್ಕಾರಕ್ಕೆ ಮನವಿಗಳನ್ನು ಸಲ್ಲಿಸಿದರು. ಕೆಲಸ ಬಿಟ್ಟವರಿಗೆ ನಿಜವಾದ ಹಸಿವಿಲ್ಲವೆಂದು ಅಧಿಕಾರಿಗಳು ಅರ್ಥಮಾಡಿದರು. ಪರೀಕ್ಷೆ ಸಫಲವಾಯಿತೆಂದೂ ಕೆಲವರು ತೃಪ್ತಿಪಟ್ಟರು.

ರೈತನು ದೂರದ ಕೆಲಸಕ್ಕೆ ಹೋಗಲು ಏಕೆ ಹಿಂಜರಿದನೆಂಬುದಕ್ಕೆ ಸೋಮಾರಿತನದ ವಿವರಣೆ ಬೇಕಿಲ್ಲ. ಅರೆಪಾಲು ಬಿಚ್ಚಿದ ಮನೆಯನ್ನು ಬಿಟ್ಟು ಹೋದರೆ ಉಳಿದ ಅರ್ಧವೂ ಕಳುವಾಗುತ್ತದೆ. ನಡೆಯಲಾರದ ಮುದುಕರನ್ನು ಯಾರ ವಶಕ್ಕೆ ಕೊಡುವುದು? ಎಲ್ಲಕ್ಕಿಂತ ಮುಖ್ಯವಾಗಿ, ಮೊದಲ ಹದ ಮಳೆ ಬಿದ್ದ ನಾಲ್ಕಾರು ದಿನಗಳಲ್ಲಿ ಬಿತ್ತನೆ ಆಗಬೇಕು. ಐವತ್ತು ಮೈಲಿಯಾಚೆ ಜಲ್ಲಿ ಒಡೆಯುತ್ತಿರುವವನಿಗೆ ತನ್ನ ಹೊಲದಲ್ಲಿ ಮಳೆ ಬಿದ್ದದ್ದು ತಿಳಿಯುವ ಹೊತ್ತಿಗೆ ಹದ ಆರಿಹೋಗಿರುತ್ತದೆ. ನೇಕಾರನ ಕಷ್ಟ ಇನ್ನೂ ಬೇರೆ. ಅವನ ಕುಣಿಮಗ್ಗ ಮನೆಯ ನೆಲದಲ್ಲೇ ಅಗೆದು ಹೂಡಿದ್ದು. ಮನೆಯನ್ನು ಬಿಡುವುದೆಂದರೆ ಅವನಿಗೆ ಕಸುಬಿನ ಉಪಕರಣವನ್ನು ಬಿಡುವುದೇ. ಅವನ ಕೈಗೆ ಗುದ್ದಲಿ ಕೊಟ್ಟರೆ ಒಂದು ವಾರದಲ್ಲಿ ಬೊಬ್ಬೆಯೆದ್ದು, ಗೊತ್ತುಮಾಡಿದ ಮೊತ್ತ ಅಗೆಯಲಾರದೆ, ಅರೆಗೂಲಿಗೆ ಇಳಿಯುತ್ತಾನೆ. ನೇಕಾರರಿಗೆ ಅವರ ಕಸುಬಿನಲ್ಲೇ ನೆರವು ನೀಡಬೇಕೆಂಬ ತಿಳಿವಳಿಕೆ ಮುಂಬಯಿ ಪ್ರಾಂತದಲ್ಲಿ ಚೆನ್ನಾಗಿ ಬೇರೂರಿದುದು ಆ ಶತಮಾನದ ಕೊನೆಯ ಬರಗಾಲಗಳಲ್ಲಿ.

ದೂರ ಯಾರಿಗೆ ಕಷ್ಟವಾಗಲಿಲ್ಲವೆಂದರೆ ಒಡ್ಡರಿಗೆ. ಕೆರೆ ಕಟ್ಟುತ್ತ, ಬಾವಿ ತೋಡುತ್ತ, ಸಂಸಾರವನ್ನು ಕತ್ತೆಗಳ ಮೇಲೆ ಹೇರಿಕೊಂಡು ಕೆಲಸವಿದ್ದೆಡೆಗೆ ಹೋಗುತ್ತಿದ್ದ ಈ ಜನಕ್ಕೆ ಬಿಡಾರವೇ ಮನೆ. ಮುಂದೆ ಬಂದ ಕ್ಷಾಮಸಂಹಿತೆಗಳು ಕೂಲಿಗಾರರನ್ನು ವರ್ಗೀಕರಿಸುವಾಗ ಮಣ್ಣುಕೆಲಸವೇ ಕಸುಬಾದವರನ್ನು ಮೊದಲನೆಯ ವರ್ಗವಾಗಿ ಬೇರೆಯಿಟ್ಟುವು. ದೂರದ ಕಾಮಗಾರಿಯ ಕಲ್ಪನೆಗೆ ಒಡ್ಡನೇ ಮಾದರಿಯಾಗಿದ್ದನೋ ಎನ್ನುವಂತೆ ಇಡೀ ವ್ಯವಸ್ಥೆ ರಚಿತವಾಗಿತ್ತು. ಬಂದು ಸೇರಿದವರಲ್ಲಿ ಬಹುಪಾಲು ಒಕ್ಕಲಿಗರು, ಕುರುಬರು, ಹೊಲೆಮಾದಿಗರು, ನೇಕಾರರು.

ಮೈಸೂರು ಸಂಸ್ಥಾನದ ಕಥೆ ಇದರ ಮಗ್ಗುಲನ್ನು ತಿರುವಿದಂತಿದೆ. ಇಲ್ಲಿ ೧೮೭೭ರ ಮಧ್ಯದವರೆಗೂ ಕಾಮಗಾರಿಗಳಿಗಿಂತ ಗಂಜಿಮನೆಗಳೇ ಮುಂದಾಗಿದ್ದುವು. ತಾಲ್ಲೂಕು ಕಸಬೆಗಳಲ್ಲಿ, ಬೆಂಗಳೂರಿನ ಪೇಟೆ ಮತ್ತು ದಂಡಿನ ಸುತ್ತ, ಬೇಯಿಸಿದ ಆಹಾರ ಹಂಚುವ ಕೇಂದ್ರಗಳಿದ್ದುವು. ಮನೆಯಲ್ಲಿದ್ದವನಿಗೆ ಅವು ದೂರ. ಬೇಯಿಸಿದ ಅನ್ನವನ್ನು ಸಾಲಿನಲ್ಲಿ ಕುಳಿತು ಉಣ್ಣಲು ಜಾತಿಯ ಅಡ್ಡಿ, ಮಾನದ ಅಡ್ಡಿ. ಆದ್ದರಿಂದ ಬಂದು ಸೇರಿದವರು ಎಲ್ಲವನ್ನೂ ಕಳೆದುಕೊಂಡ ಮೇಲೆ ಬಂದವರು. ಹಳ್ಳಿಯಲ್ಲಿ ಸಿಕ್ಕದ ಊಟ ಕಸಬೆಯಲ್ಲಿ ಸಿಕ್ಕುವುದೆಂಬ ಸುದ್ದಿಯೇ ಇನ್ನಷ್ಟು ಜನರನ್ನು ಮನೆಯಿಂದ ಎಬ್ಬಿಸಿತು. ಗಂಜಿಮನೆ ಗುಳೆಗೆ ಮದ್ದಾಗುವ ಬದಲು ಅದಕ್ಕೆ ದಾರಿಯನ್ನು ತೋರಿಸಿತೆನ್ನಬೇಕು. ಜನ ಗುಂಪುಗೂಡಿದ ಕಡೆ ಕಾಲರಾ, ಆಮಶಂಕೆಗಳು ಬಂದುವು.

೧೮೭೭ರ ಆಗಸ್ಟ್-ಸೆಪ್ಟೆಂಬರಿನಲ್ಲಿ ಲಿಟ್ಟನ್ ತಾವೇ ಮದರಾಸಿಗೂ ಅಲ್ಲಿಂದ ಮೈಸೂರು ಸೀಮೆಗೂ ಬಂದರು. ಉತ್ತರ ಹಿಂದೂಸ್ಥಾನದ ಆಡಳಿತದಲ್ಲಿ ಪಳಗಿದ ಚಾರ್ಲ್ಸ್ ಎಲಿಯಟ್ ಸಂಸ್ಥಾನದ ಕ್ಷಾಮ ಕಮಿಷನರಾಗಿ ನೇಮಕಗೊಂಡರು. ದುಡಿಯಬಲ್ಲವರೆಲ್ಲ ಎಂಜಿನಿಯರರ ಕೈಕೆಳಗಿನ ದೊಡ್ಡ ಕಾಮಗಾರಿಗೆ. ದುಡಿಯಲಾರದವರು ತಮ್ಮ ಊರಿಗೆ, ಅಲ್ಲಿ ಗ್ರಾಮಾಧಿಕಾರಿಗಳ ಪಟ್ಟಿಯ ಪ್ರಕಾರ ಪಡಿ. ಗಂಜಿಮನೆಗಳು ಕ್ರಮೇಣ ಬಂದ್: ಇದು ಎಲಿಯಟ್ಟರ ಏರ್ಪಾಡು. ಕಾಗದದ ಮೇಲೆ ಇದಕ್ಕಿಂತ ವಿವೇಕದ ಏರ್ಪಾಡು ಬೇರೆ ಇರಲಾರದು. ಗ್ರಾಮದಲ್ಲೇ ಪಡಿ ಸಿಕ್ಕುವುದಾದರೆ ಮುದುಕರೂ ಮಕ್ಕಳೂ ಊರು ಬಿಡಬೇಕಾಗಿಲ್ಲ. ಆದರೆ ಅದು ಬಂದದ್ದು ಬರಗಾಲ ಹನ್ನೆರಡು ತಿಂಗಳು ಕಳೆದ ಮೇಲೆ, ಸಾವು ತುತ್ತತುದಿ ಮುಟ್ಟಿದ ಕಾಲದಲ್ಲಿ. ದುಡಿಯಬಲ್ಲವನೆಂದು ಆರಿಸಿದವನಿಗೆ ಕಾಮಗಾರಿಯವರೆಗೆ ನಡೆಯುವ ಶಕ್ತಿ ಉಳಿದಿರಬೇಕು. ಊರಿಗೆ ಹೋಗೆಂದು ಕಳುಹಿಸಿದವನಿಗೆ ಊರಿನಲ್ಲಿ ಸೂರು ಉಳಿದಿರಬೇಕು. ಎರಡೂ ಇಲ್ಲದವರು ಬಹಳ ಮಂದಿ ಇದ್ದರು. ಮುಚ್ಚಿದ ಗಂಜಿಮನೆಗೂ ತಲುಪಲಾಗದ ಕಾಮಗಾರಿಗೂ ನಡುವಣ ರಸ್ತೆಯಲ್ಲಿ ಅವರು ಉಳಿದರು.

ಇಲ್ಲಿ ದಾಖಲೆಗಳ ಸ್ವರೂಪವನ್ನು ಕುರಿತು ಹೇಳಬೇಕು. ಎಲಿಯಟ್ ಬರೆದ ಮೈಸೂರು ಕ್ಷಾಮದ ವರದಿ ವಿಸ್ತಾರವಾದುದು, ಹಲವೆಡೆ ನಿಷ್ಠುರವಾಗಿ ಪ್ರಾಮಾಣಿಕವಾದುದು. ಮದರಾಸು ಟೈಮ್ಸ್ ಪತ್ರಿಕೆಯ ಸಂಪಾದಕ ವಿಲಿಯಂ ಡಿಗ್ಬಿ ೧೮೭೮ರಲ್ಲಿ ಪ್ರಕಟಿಸಿದ ಎರಡು ಸಂಪುಟಗಳು ಸರ್ಕಾರವನ್ನು ಟೀಕಿಸುವ ದೃಷ್ಟಿಯವು. ಎರಡರಲ್ಲಿಯೂ ಅಂಕಿಗಳ ಮೂಲ ಒಂದೇ: ಕಾಮಗಾರಿಯ ಹಾಜರಿ ಪುಸ್ತಕ, ಗಂಜಿಮನೆಯ ತಲೆಯೆಣಿಕೆ, ಗ್ರಾಮದ ಪಟ್ಟಿ. ಒಂದು ವಾರ ಹಾಜರಿ ಪುಸ್ತಕದಲ್ಲಿದ್ದು ಮುಂದಿನ ವಾರ ಇಲ್ಲದವನು ಊರಿಗೆ ಹೋದನೋ, ಬೇರೆ ಕೆಲಸ ಹುಡುಕಿಕೊಂಡನೋ, ದಾರಿಯಲ್ಲಿ ಬಿದ್ದನೋ ಪುಸ್ತಕ ಹೇಳುವುದಿಲ್ಲ. ಸಂಖ್ಯೆ ಇಳಿದರೆ ಕಷ್ಟ ಇಳಿಯಿತೆಂದು ವಾರದ ವರದಿ ಬರೆಯುವವನು ಬಗೆಯುತ್ತಿದ್ದ. ಗ್ರಾಮದ ಮರಣದ ಲೆಕ್ಕವನ್ನು ಇಡಬೇಕಾದವರೂ ಪಟೇಲ ಶಾನುಭೋಗರೇ. ಅವರು ತಮ್ಮ ಊರವನು ತಮ್ಮ ಎಲ್ಲೆಯೊಳಗೆ ಸತ್ತರೆ ಬರೆದಾರು. ಪರವೂರಿನವನ ಹೆಣ ಯಾರ ಲೆಕ್ಕ? ೧೮೮೧ರ ಜನಗಣತಿಯ ಇಳಿತ ಅದಕ್ಕೆ ಮೊದಲಿನ ಮರಣದ ದಾಖಲೆಗಳಿಗಿಂತ ಹೆಚ್ಚು ನಂಬತಕ್ಕದ್ದಾಗಿರುವುದು ಈ ಕಾರಣದಿಂದ. ಇದ್ದವರನ್ನು ಎಣಿಸಿ ಕಳೆದರೆ ಉಳಿಯುವ ಶೇಷದಲ್ಲಿ ಮಾತ್ರ ಗುಳೆ ಹೋಗಿ ಸತ್ತವರು ನಮಗೆ ಸಿಕ್ಕುತ್ತಾರೆ.

ಸೆಪ್ಟೆಂಬರಿನ ಕಡೆಗೆ ಮಳೆ ಬಂತು. ಬರದ ಚರಿತ್ರೆಗಳು ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತವೆ. ನಮ್ಮ ಪ್ರಶ್ನೆಗೆ ಇದೇ ಮುಖ್ಯವಾದ ಘಟ್ಟ. ಮಳೆಯೊಡನೆ ಚಳಿಜ್ವರ ಬಂತು. ಮಾಡಿಲ್ಲದ ಮನೆಗಳಲ್ಲಿ, ತಟ್ಟಿಯ ಗುಡಿಸಲುಗಳಲ್ಲಿ ಮಲಗಿದ್ದ ನಿತ್ರಾಣದ ಜನ ಅದಕ್ಕೆ ತುತ್ತಾದರು. ಹಿಂತಿರುಗಿದ ರೈತನಿಗೆ ಎತ್ತಿಲ್ಲ, ಬೀಜವಿಲ್ಲ, ಸೂರಿಲ್ಲ. ಸಂಸ್ಥಾನದಲ್ಲಿ ಸುಮಾರು ಎರಡೂವರೆ ಲಕ್ಷ ದನಗಳು ನಾಶವಾಗಿದ್ದುವು. ಈ ಹಂತದಲ್ಲಿ ಹಾಜರಿ ಪುಸ್ತಕಕ್ಕೆ ಸೇರದ ಒಂದು ಬಗೆಯ ಸಹಾಯ ಒದಗಿತು. ಲಂಡನ್ನಿನ ಲಾರ್ಡ್ ಮೇಯರ್ ೧೮೭೭ರ ಆಗಸ್ಟಿನಲ್ಲಿ ಆರಂಭಿಸಿದ ಮ್ಯಾನ್ಷನ್ ಹೌಸ್ ನಿಧಿಗೆ ಇಂಗ್ಲೆಂಡಿನ ಸಾಮಾನ್ಯ ಜನರಿಂದಲೂ ವಸಾಹತುಗಳಿಂದಲೂ ಆರು ಲಕ್ಷ ಪೌಂಡಿಗೂ ಮಿಕ್ಕ ಹಣ ಬಂತು. ಡಿಗ್ಬಿಯೇ ಮದರಾಸಿನ ಸಮಿತಿಯ ಗೌರವ ಕಾರ್ಯದರ್ಶಿ. ಸರ್ಕಾರ ಜೀವ ಉಳಿಸುವ ಹೊಣೆ ಹೊತ್ತಿರುವುದರಿಂದ ಈ ಹಣ ಅದನ್ನು ಮೀರಿದ ಉದ್ದೇಶಗಳಿಗೆ ಸಲ್ಲಬೇಕೆಂದು ಗೊತ್ತಾಯಿತು: ಬಿತ್ತನೆಯ ಬೀಜ, ಉಳುವ ಎತ್ತು, ಉಡಲು ಬಟ್ಟೆ, ಮನೆಯ ಮೇಲ್ಮಾಡು. ಮೈಸೂರಿಗೂ ಅದರಲ್ಲಿ ಪಾಲು ಸಿಕ್ಕಿತು. ಕೈಗೆ ಬಂದ ಕೆಲವು ರೂಪಾಯಿಯಲ್ಲಿ ಹುಲ್ಲು ಹೊದಿಸಿ ಬೀಜ ಕೊಂಡ ರೈತನಿಗೆ ಮರುದಿನದಿಂದ ತನ್ನ ಹೊಲದಲ್ಲೇ ಉದ್ಯೋಗ. ಕಾಮಗಾರಿಯಲ್ಲಿ ಅವನಿಗೆ ತಿಂಗಳುಗಟ್ಟಲೆ ಕೊಟ್ಟ ಕೂಲಿ ಈ ಕೆಲಸವನ್ನು ಮಾಡಿರಲಿಲ್ಲ. ಮಾಡುವಂತೆ ಅದನ್ನು ಲೆಕ್ಕಹಾಕಿಯೂ ಇರಲಿಲ್ಲ. ದಾನದ ಹಣವೇ ಉದ್ಯೋಗವನ್ನು ಉಂಟುಮಾಡಿದ್ದನ್ನೂ, ಉದ್ಯೋಗವೆಂದು ಕರೆಯಿಸಿಕೊಂಡದ್ದು ಕೇವಲ ಹೊಟ್ಟೆಗೆ ಹಾಕಿದ್ದನ್ನೂ ಆ ಕಾಲದ ಅರ್ಥಶಾಸ್ತ್ರ ಅಷ್ಟಾಗಿ ಗಮನಿಸಲಿಲ್ಲ.

ಸಂಸ್ಥಾನದ ಬೊಕ್ಕಸದಲ್ಲಿ ಕೂಡಿದ್ದ ಅರವತ್ತು ಲಕ್ಷಕ್ಕೂ ಮಿಕ್ಕ ಹಣ ಕರಗಿ, ಭಾರತ ಸರ್ಕಾರಕ್ಕೆ ೮೦ ಲಕ್ಷ ರೂಪಾಯಿ ಸಾಲವಾಯಿತು. ೧೮೮೧ರ ಮಾರ್ಚ್ ೨೫ರಂದು ಚಾಮರಾಜ ಒಡೆಯರಿಗೆ ರಾಜ್ಯ ಮರಳಿದಾಗ ದಿವಾನ್ ರಂಗಾಚಾರ್ಯರು ಈ ಸಾಲದೊಡನೆಯೇ ಆಡಳಿತವನ್ನು ವಹಿಸಿಕೊಂಡರು. ಕ್ಷಾಮದ ಮಣ್ಣುಕೆಲಸವಾಗಿ ಮೊದಲಾದ ಬೆಂಗಳೂರು-ಮೈಸೂರು ರೈಲುದಾರಿ ೧೮೮೨ರಲ್ಲಿ ಪೂರ್ಣವಾಯಿತು. ಬರಗಾಲದ ಕಾಮಗಾರಿಗಳಲ್ಲಿ ಕಣ್ಣಿಗೆ ಕಾಣುವ ಫಲ ಕೊಟ್ಟವುಗಳಲ್ಲಿ ಅದೇ ದೊಡ್ಡದು.

ಸರ್ ರಿಚರ್ಡ್ ಸ್ಟ್ರೇಚಿಯವರ ಅಧ್ಯಕ್ಷತೆಯ ಕ್ಷಾಮ ಆಯೋಗ ೧೮೮೦ರಲ್ಲಿ ವರದಿ ಒಪ್ಪಿಸಿತು. ಮೈಸೂರಿನ ಅನುಭವ ಪಡೆದ ಎಲಿಯಟ್ಟರೇ ಅದರ ಕಾರ್ಯದರ್ಶಿ. ಆಯೋಗ ದೂರವನ್ನಲ್ಲದೆ ದುಡಿಮೆಯನ್ನೇ ಮುಖ್ಯ ಪರೀಕ್ಷೆಯಾಗಿ ಆರಿಸಿತು. ಶಕ್ತಿಗೆ ತಕ್ಕ ಕೆಲಸ, ಜೀವನಕ್ಕೆ ಸಾಕಾದ, ಅದಕ್ಕೆ ಮೀರದ ಕೂಲಿ. ಜನ ನಿತ್ರಾಣರಾಗುವ ಮೊದಲೇ ಕಾಮಗಾರಿಯ ಆರಂಭ. ದುಡಿಯಲಾರದವರಿಗೆ ಊರಿನಲ್ಲೇ ಪಡಿ. ೧೮೮೩ರ ಕ್ಷಾಮಸಂಹಿತೆ ಇದನ್ನು ನಿಯಮಗಳ ರೂಪಕ್ಕೆ ತಂದಿತು. ಧಾನ್ಯದ ಧಾರಣೆ ಏರಿದಂತೆ ಕೂಲಿ ತಾನಾಗಿ ಏರುವ ಪಟ್ಟಿ, ವಾರದ ವಿರಾಮದ ದಿನಕ್ಕೂ ಕೂಲಿ ಕೊಡುವ ಏರ್ಪಾಡು, ಕಾಮಗಾರಿಯಲ್ಲಿ ನೀರಿನ ಮತ್ತು ಗುಡಿಸಲುಗಳ ವ್ಯವಸ್ಥೆ, ಇವೆಲ್ಲ ಮುಂದಿನ ವರ್ಷಗಳಲ್ಲಿ ರೂಢಿಗೆ ಬಂದುವು. ಇವು ಸಣ್ಣ ಸಾಧನೆಗಳಲ್ಲ. ಆದರೆ ಸಂಹಿತೆಯಲ್ಲಿ ಊರಿನ ಪಟ್ಟಿಗೂ ಕಾಮಗಾರಿಯ ಪುಸ್ತಕಕ್ಕೂ ಸೇರದವರಿಗೆ ಮೂರನೆಯ ಒಂದು ಸ್ಥಾನ ಉಂಟಾಯಿತು: 'ಪೂರ್ ಹೌಸ್' ಎಂಬ ಬಡವರ ಆಶ್ರಯ. ಭಿಕ್ಷುಕರು, ನಿರ್ಗತಿಕರು, ದಾರಿಯಲ್ಲಿ ಅಲೆಯುವವರು ಅಲ್ಲಿಗೆ. ಕೆಲಸಕ್ಕೆ ಒಪ್ಪದವರನ್ನು ಶಿಕ್ಷೆಯಂತೆ ಕಳುಹಿಸುವುದೂ ಅಲ್ಲಿಗೇ. ಮನೆ ಬಿಟ್ಟ ರೈತನೂ ಕೆಲಸಗಳ್ಳನೂ ಒಂದೇ ಹಿತ್ತಲಿನಲ್ಲಿ ಸೇರಿದರು. ಜನ ಅದರ ಹೆಸರು ಕೇಳಿದರೇ ಹೆದರುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ.

೧೮೯೬-೯೭, ೧೮೯೯-೧೯೦೦ರ ಕ್ಷಾಮಗಳನ್ನೂ, ಅವುಗಳ ಮೇಲೆ ಕುಳಿತ ೧೮೯೮ ಮತ್ತು ೧೯೦೧ರ ಆಯೋಗಗಳನ್ನೂ, ೧೯೪೨-೪೩ರಲ್ಲಿ ವಿಜಾಪುರ ಸೀಮೆ ಕಂಡ ಬರವನ್ನೂ ಇಲ್ಲಿ ವಿವರಿಸುವುದಿಲ್ಲ. ಊರ ಕೆಲಸವೋ ದೊಡ್ಡ ಕಾಮಗಾರಿಯೋ ಎಂಬ ವಾದ ಪ್ರತಿ ಸಲವೂ ಎದ್ದಿತೆಂದರೆ ಸಾಕು. ದೂರದ ಪ್ರಶ್ನೆಗೆ ಶಾಸನದ ಉತ್ತರ ಸಿಕ್ಕಿದುದು ಸ್ವಾತಂತ್ರ್ಯದ ನಂತರ. ೧೯೭೨-೭೩ರ ಬರದಲ್ಲಿ ಮಹಾರಾಷ್ಟ್ರ ಅರ್ಧ ಕೋಟಿಗೆ ಸಮೀಪವಾದ ಜನರಿಗೆ ಪರಿಹಾರ ಕಾಮಗಾರಿಗಳಲ್ಲಿ ಕೆಲಸ ಕೊಟ್ಟಿತು. ಆ ಅನುಭವದ ಬಲದಿಂದ ೧೯೭೭ರಲ್ಲಿ ಉದ್ಯೋಗ ಖಾತರಿಯ ಶಾಸನ ಮಾಡಿತು. ೨೦೦೫ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವಂತೆ ಬಂದ ಗ್ರಾಮೀಣ ಉದ್ಯೋಗ ಖಾತರಿ ಶಾಸನ ವಾಸಸ್ಥಳದಿಂದ ೫ ಕಿಲೋಮೀಟರಿನೊಳಗೆ ಕೆಲಸ ಒದಗಿಸಬೇಕೆಂದಿತು. ಅದಕ್ಕಿಂತ ದೂರವಾದರೆ ಪ್ರಯಾಣಕ್ಕೂ ವಾಸಕ್ಕೂ ಕೂಲಿಯ ನೂರಕ್ಕೆ ೧೦ರಷ್ಟು ಹೆಚ್ಚು. ಟೆಂಪಲ್ಲರ ಕಾಲದ ಪರೀಕ್ಷೆ ಇಲ್ಲಿ ತಲೆಕೆಳಗಾಯಿತು. ಆಗ ದೂರ ಬಂದವನಿಗೆ ಮಾತ್ರ ಕೂಲಿ; ಈಗ ದೂರ ಕಳುಹಿಸಿದ ಸರ್ಕಾರಕ್ಕೆ ದಂಡ.

ಇನ್ನೊಂದು ಮಗ್ಗುಲು ಮಾತ್ರ ಹಾಗೆಯೇ ಉಳಿಯಿತು. ೨೦೦೫ರ ಶಾಸನದ ಹಕ್ಕು ಸಲ್ಲುತ್ತಿದ್ದುದು ಒಂದು ಮನೆತನಕ್ಕೆ. ಒಟ್ಟಿಗೆ ವಾಸಿಸುವವರು, ಒಟ್ಟಿಗೆ ಉಣ್ಣುವವರು ಅಥವಾ ಒಂದೇ ಪಡಿತರ ಚೀಟಿಯುಳ್ಳವರು ಮನೆತನವೆಂದು ಅದರ ವ್ಯಾಖ್ಯೆ. ಕೆಲಸದ ಚೀಟಿಯನ್ನು ಕೊಡುತ್ತಿದ್ದುದು ಆ ಮನೆತನ ವಾಸಿಸುವ ಗ್ರಾಮ ಪಂಚಾಯಿತಿ. ರಾಯಚೂರು, ಯಾದಗಿರಿ, ಕಲಬುರಗಿ, ವಿಜಯಪುರದ ಕಡೆಗಳಿಂದ ಸುಗ್ಗಿ ಮುಗಿದೊಡನೆ ಬೆಂಗಳೂರಿಗೆ, ಮುಂಬಯಿಗೆ, ಗೋವೆಗೆ ಗುಳೆ ಹೋಗುವ ಒಕ್ಕಲುಗಳು ಆ ಚೀಟಿಯನ್ನು ಬೀಗ ಹಾಕಿದ ಮನೆಯಲ್ಲಿ ಬಿಟ್ಟು ಹ���ಗುತ್ತಿದ್ದುವು. ಬೇಸಗೆಯಲ್ಲಿ ಊರಿನಲ್ಲಿ ಕೆಲಸ ತೆರೆದರೆ ಹೆಸರು ಪಟ್ಟಿಯಲ್ಲಿದೆ, ಆಳು ಇಲ್ಲ. ಪಟ್ಟಣದಲ್ಲಿ ಆಳು ಇದ್ದಾನೆ, ಹೆಸರಿರುವ ಪಟ್ಟಿಯಿಲ್ಲ. ಪಟ್ಟಣದ ಸೂರಿಲ್ಲದವರಿಗಾಗಿ ಲಕ್ಷ ಜನಸಂಖ್ಯೆಗೊಂದರಂತೆ ರಾತ್ರಿ ಹಗಲು ತೆರೆದ ಆಶ್ರಯ ಇರಬೇಕೆಂದು ಸರ್ವೋಚ್ಚ ನ್ಯಾಯಾಲಯ ೨೦೧೦ರಲ್ಲಿ ಆಜ್ಞೆ ಮಾಡಿತು. ೨೦೧೩ರಲ್ಲಿ ಬಂದ ನಗರ ಜೀವನೋಪಾಯ ಅಭಿಯಾನದಲ್ಲಿ ಆಶ್ರಯದ ಯೋಜನೆಯೂ ಕಸುಬಿನ ತರಬೇತಿಯ ಯೋಜನೆಯೂ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ಬಾಬುಗಳಾಗಿ ಇದ್ದುವು.

ಗುಳೆ ಹೋದವರಲ್ಲಿ ಹೆಚ್ಚು ಮಂದಿ ಸೇರಿದ್ದು ಕಟ್ಟಡದ ಕೆಲಸಕ್ಕೆ. ಅವರಿಗೆ ಅನ್ವಯಿಸುತ್ತಿದ್ದ ೧೯೯೬ರ ಕಟ್ಟಡ ಕಾರ್ಮಿಕರ ಶಾಸನ ವಾಸದ ವಿಷಯವನ್ನು ಮರೆತಿರಲಿಲ್ಲ. ಕೆಲಸದ ಸ್ಥಳದಲ್ಲಿ ಅಥವಾ ಅದರ ಹತ್ತಿರ ಮಾಲೀಕನು ಬಾಡಿಗೆಯಿಲ್ಲದೆ ತಾತ್ಕಾಲಿಕ ವಸತಿ ಒದಗಿಸಬೇಕು, ಅದರಲ್ಲಿ ಅಡುಗೆಗೂ ಸ್ನಾನಕ್ಕೂ ಬೇರೆ ಸ್ಥಳವಿರಬೇಕು ಎಂದು ಅದು ವಿಧಿಸಿತು. ಕಟ್ಟಡ ಮುಗಿದ ಮೇಲೆ ಆದಷ್ಟು ಬೇಗ ಮಾಲೀಕನು ತನ್ನ ಖರ್ಚಿನಲ್ಲೇ ಆ ವಸತಿಯನ್ನು ಕೆಡವಿ, ನೆಲವನ್ನು ಮೊದಲಿದ್ದಂತೆ ಮಾಡಿಕೊಡಬೇಕೆಂದೂ ಅದೇ ಕಲಮು ಹೇಳಿತ್ತು.